ಸೆಪಿಯಾ ಆಫಿಸಿನಾಲಿಸ್: ಸಂತಾನೋತ್ಪತ್ತಿಯ ವರ್ತನೆ ಮತ್ತು ಹಿಡುವಳಿಯ ಸ್ವರೂಪ

ಕರ್ನಾಟಕದ ಕರಾವಳಿಯಲ್ಲಿ ಕಪ್ಪೆ ಬೊಂಡಾಸ್ ಎಂದು ಕರೆಯಲಾಗುವ ಕಟಲ್‌ಫಿಶ್‌ಗಳು ಮೀನುಗಳಲ್ಲ. ಬಸವನಹುಳು, ಮರುವಾಯಿ ಮೊದಲಾದವು ಸೇರಿರುವ ಮೃದ್ವಂಗಿಗಳ ವಂಶದಲ್ಲಿ, ತಲೆಯ ಸುತ್ತಲೇ ತೋಳುಗಳನ್ನು ಹೊಂದಿರುವ ಶೀರ್ಷಪಾದಿಗಳೆಂಬ ವರ್ಗಕ್ಕೆ ಸೇರಿದವು. ಈ ಗುಂಪಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವ ಪ್ರಭೇದಗಳಲ್ಲಿ ಒಂದು, 1758ರಲ್ಲಿ ಲಿನೇಯಸ್ ಹೆಸರಿಸಿದ ಸೆಪಿಯಾ ಆಫಿಸಿನಾಲಿಸ್. ಉತ್ತರ ಸಮುದ್ರದಿಂದ ಇಂಗ್ಲಿಷ್ ಕಡಲ್ಗಾಲುವೆ ಹಾಗೂ ಮೆಡಿಟರೇನಿಯನ್ ಸೇರಿದಂತೆ ಪಶ್ಚಿಮ ಆಫ್ರಿಕಾದ ತೀರದವರೆಗೆ ಇದರ ನೆಲೆ ಹರಡಿದೆ. ಈ ಪ್ರಾಣಿಯನ್ನು ಹಿಡಿಯುವ ಮುಖ್ಯ ವಿಧಾನಗಳಲ್ಲಿ ಕೆಲವು ಅದರ ಸಂತಾನೋತ್ಪತ್ತಿಯ ವರ್ತನೆಯನ್ನೇ ಆಧರಿಸಿರುವುದರಿಂದ, ಅದರ ಜೀವಶಾಸ್ತ್ರವನ್ನು ಬಿಟ್ಟು ಮೀನುಗಾರಿಕೆಯನ್ನು ಅರ್ಥಮಾಡಿಕೊಳ್ಳಲಾಗದು ಎಂಬುದನ್ನು ಪ್ರಸ್ತುತ ಲೇಖನ ಪ್ರತಿಪಾದಿಸುತ್ತದೆ.

ದೇಹರಚನೆ

ಎಂಟು ತೋಳುಗಳು, ಬೇಟೆಯ ಮೇಲೆ ಚಿಮ್ಮಿ ಹೊರಬರುವ ಎರಡು ಉದ್ದನೆಯ ಗ್ರಹಣಾಂಗಗಳು, ದೇಹದ ಅಂಚಿನುದ್ದಕ್ಕೂ ಚಾಚಿಕೊಂಡ ಈಜುರೆಕ್ಕೆ, ಮೂರು ಹೃದಯಗಳು ಮತ್ತು ತಾಮ್ರಯುಕ್ತ ಹೀಮೋಸಯಾನಿನ್‌ನಿಂದ ನೀಲಿಯಾಗಿ ತೋರುವ ರಕ್ತ ಇದರ ಪ್ರಮುಖ ಲಕ್ಷಣಗಳು. ಬೆನ್ನಿನೊಳಗಿರುವ ಸುಣ್ಣದ ಚಿಪ್ಪು, ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುವ ಸಮುದ್ರಫೇನದ ಬಗೆಯದೇ ಆಗಿದ್ದು, ತೆಳುವಾದ ಪದರಗಳ ನಡುವೆ ಅನೇಕ ಸಣ್ಣ ಕೋಣೆಗಳನ್ನು ಹೊಂದಿದೆ. ಪ್ಲಿಮತ್‌ನ ಪ್ರಯೋಗಾಲಯದಲ್ಲಿ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ ನಡೆಸಿ 1961ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಪ್ರಾಣಿಯು ಈ ಕೋಣೆಗಳಲ್ಲಿನ ದ್ರವವನ್ನು ಹೆಚ್ಚುಕಡಿಮೆ ಮಾಡಿ ತನ್ನ ತೇಲುವಿಕೆಯನ್ನು ನಿಯಂತ್ರಿಸುತ್ತದೆ ಎಂದು ತೋರಿಸಿದವು. ಹಗಲಿನ ಬೆಳಕಿನಲ್ಲಿ ಅದು ಭಾರವಾಗಿ ಮರಳಿನಲ್ಲಿ ಹುದುಗಿರುತ್ತದೆ, ಕತ್ತಲಾದ ಮೇಲೆ ಹಗುರವಾಗಿ ಬೇಟೆಗೆ ಹೊರಡುತ್ತದೆ. ಹೆಚ್ಚು ಆಳದ ಒತ್ತಡವನ್ನು ಈ ಚಿಪ್ಪು ತಾಳದ ಕಾರಣ ಇದರ ವಾಸವು ಸುಮಾರು 200 ಮೀಟರ್ ಆಳದೊಳಗಿನ ಖಂಡಾವರಣಕ್ಕೆ ಸೀಮಿತವಾಗಿದೆ.

ವರ್ತನೆ

ಚರ್ಮದಲ್ಲಿರುವ ವರ್ಣಕೋಶಗಳು, ಅಂದರೆ ಸುತ್ತಲಿನ ಸ್ನಾಯುಗಳು ಎಳೆದಾಗ ಹಿಗ್ಗುವ ಬಣ್ಣದ ಸಣ್ಣ ಚೀಲಗಳು, ನೇರವಾಗಿ ಮೆದುಳಿನ ಹಿಡಿತದಲ್ಲಿರುವುದರಿಂದ ಬಣ್ಣದ ಬದಲಾವಣೆ ಕ್ಷಣಾರ್ಧದಲ್ಲಿ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಚದುರಂಗದ ಹಾಸಿನಂತಹ ತಳದ ಮೇಲೆ ಇರಿಸಿದಾಗ, ಬಿಳಿಯ ಚೌಕಗಳ ಗಾತ್ರ ತನ್ನ ಬೆನ್ನಿನ ಮೇಲೆ ಮೂಡಬಲ್ಲ ಬಿಳಿಯ ಚೌಕಕ್ಕೆ ಸಮೀಪವಾಗಿದ್ದರೆ ಮಾತ್ರ ಪ್ರಾಣಿಯು ದೇಹದ ಆಕಾರವನ್ನು ಒಡೆದು ತೋರಿಸುವ ವಿನ್ಯಾಸವನ್ನು ತಾಳುತ್ತದೆ. ಚೌಕಗಳು ತೀರಾ ಚಿಕ್ಕವಾಗಿದ್ದರೆ ಚುಕ್ಕೆಚುಕ್ಕೆಯ ವಿನ್ಯಾಸವಷ್ಟೇ ಕಾಣುತ್ತದೆ. ಇಷ್ಟೊಂದು ವರ್ಣಸಾಮರ್ಥ್ಯವುಳ್ಳ ಈ ಜೀವಿಯ ಕಣ್ಣಿನಲ್ಲಿ ಒಂದೇ ಬಗೆಯ ದೃಷ್ಟಿವರ್ಣಕವಿದ್ದು, ಅದಕ್ಕೆ ಬಣ್ಣಗಳ ಭೇದ ತಿಳಿಯದು ಎಂಬುದು ಗಮನಾರ್ಹ.

ಇದರ ಕಲಿಕೆ ಮೊಟ್ಟೆಯೊಳಗೇ ಆರಂಭವಾಗುತ್ತದೆ. ಮೊಟ್ಟೆಯ ಹೊರಗೆ ಏಡಿಗಳನ್ನು ಕಂಡ ಭ್ರೂಣಗಳು ಹೊರಬಂದ ಮೇಲೆ ತಮ್ಮ ಸಹಜ ಆಯ್ಕೆಯಾದ ಸಿಗಡಿಯ ಬದಲು ಏಡಿಯನ್ನು ಆರಿಸಿಕೊಳ್ಳುತ್ತವೆ ಎಂಬುದನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಹೆಚ್ಚು ಇಷ್ಟದ ಆಹಾರಕ್ಕಾಗಿ ಇವು 50ರಿಂದ 130 ಸೆಕೆಂಡುಗಳವರೆಗೆ ಕಾಯಬಲ್ಲವು ಎಂದು 2021ರ ಪ್ರಯೋಗಗಳು ತೋರಿಸಿವೆ.

ಜೀವನಚಕ್ರ

ಆಯುಷ್ಯ ಒಂದರಿಂದ ಎರಡು ವರ್ಷ ಮಾತ್ರ. ಇಂಗ್ಲಿಷ್ ಕಡಲ್ಗಾಲುವೆಯ ಸಂತತಿಯು ಚಳಿಗಾಲವನ್ನು ಆಳದ ನೀರಿನಲ್ಲಿ ಕಳೆದು, ವಸಂತದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ತೀರದ ಆಳವಿಲ್ಲದ ನೀರಿಗೆ ಮೊಟ್ಟೆಯಿಡಲು ಬರುತ್ತದೆ. ಗಂಡುಗಳು ದೇಹದ ಮೇಲೆ ಜೀಬ್ರಾದಂತಹ ಪಟ್ಟೆಗಳನ್ನು ತೋರಿಸಿ ಪರಸ್ಪರ ಪೈಪೋಟಿ ನಡೆಸುತ್ತವೆ. ಕೂಡಿದ ಹೆಣ್ಣನ್ನು ಸ್ವಲ್ಪ ಕಾಲ ಕಾವಲು ಕಾಯುತ್ತವೆ. ಹೆಣ್ಣು ಶಾಯಿಯಿಂದ ಕಪ್ಪಾದ, ದ್ರಾಕ್ಷಿಯನ್ನು ಹೋಲುವ ಮೊಟ್ಟೆಗಳನ್ನು ಒಂದೊಂದಾಗಿ ಕಡಲಪಾಚಿ, ಕಡಲಹುಲ್ಲು ಅಥವಾ ಕೈಗೆಟುಕುವ ಯಾವುದೇ ಹಗ್ಗಕ್ಕೆ ಗಂಟು ಹಾಕಿದಂತೆ ಅಂಟಿಸುತ್ತದೆ. ನೀರಿನ ಉಷ್ಣತೆಯನ್ನು ಅವಲಂಬಿಸಿ ಒಂದರಿಂದ ಮೂರು ತಿಂಗಳಲ್ಲಿ, ಒಂದು ಸೆಂಟಿಮೀಟರ್‌ಗಿಂತಲೂ ಚಿಕ್ಕದಾದ ಆದರೆ ರೂಪದಲ್ಲಿ ದೊಡ್ಡವುಗಳನ್ನೇ ಹೋಲುವ ಮರಿಗಳು ಹೊರಬರುತ್ತವೆ. ಮೊಟ್ಟೆಯಿಡುವ ಕಾಲ ಮುಗಿದ ಮೇಲೆ ತಾಯ್ತಂದೆಗಳು ಸಾಯುತ್ತವೆ.

ಮೀನುಗಾರಿಕೆ

ಆಳದಲ್ಲಿರುವ ಚಳಿಗಾಲದ ಗುಂಪುಗಳನ್ನು ಟ್ರಾಲ್ ಬಲೆಗಳು ಹಿಡಿಯುತ್ತವೆ. 2017ರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಬಂದರಿಗೆ ಬಂದ ಭಾರಿ ಹಿಡುವಳಿಯಿಂದಾಗಿ ಈ ಪ್ರಾಣಿಯನ್ನು ಅಲ್ಲಿ ಕಪ್ಪು ಚಿನ್ನವೆಂದು ಬಣ್ಣಿಸಲಾಯಿತು. ತೀರದಲ್ಲಿ ಬಳಸುವ ಬೋನುಗಳ ಕ್ರಮವೇ ಬೇರೆ: ಜೀವಂತ ಹೆಣ್ಣೊಂದನ್ನು ಒಳಗಿಟ್ಟರೆ ಅದನ್ನು ಅರಸಿ ಗಂಡುಗಳು ಒಳನುಗ್ಗುತ್ತವೆ; ಮೊಟ್ಟೆಯಿಡಲು ಆಸರೆ ಹುಡುಕುವ ಹೆಣ್ಣುಗಳು ಬೋನಿನ ಬಲೆಗೇ ಮೊಟ್ಟೆಗಳನ್ನು ಅಂಟಿಸುತ್ತವೆ. ಋತುವಿನ ಕೊನೆಗೆ ಬೋನುಗಳನ್ನು ದಡಕ್ಕೆಳೆದು ತೊಳೆದಾಗ ಮುಂದಿನ ತಲೆಮಾರೂ ಅವುಗಳೊಂದಿಗೆ ನಾಶವಾಗುತ್ತದೆ.

ಇದೇ ಸಮಸ್ಯೆ ಅರಬ್ಬೀ ಸಮುದ್ರದಲ್ಲಿ ಬೇರೊಂದು ಪ್ರಭೇದದ ವಿಷಯದಲ್ಲಿ ಕಂಡುಬಂದಿದೆ. ಕರ್ನಾಟಕದ ತೀರದಾಚೆ ತೆಂಗಿನ ಗರಿ, ಹೊಂಬಾಳೆ ಮೊದಲಾದವನ್ನು ಲಂಗರು ಹಾಕಿ ನೀರಿನಲ್ಲಿ ಇಳಿಬಿಟ್ಟು, ಮೊಟ್ಟೆಯಿಡಲು ಅಲ್ಲಿ ನೆರೆಯುವ ಸೆಪಿಯಾ ಫರವೋನಿಸ್ ಪ್ರಭೇದವನ್ನು ಗಾಳದಿಂದ ಹಿಡಿಯುವ ಪದ್ಧತಿ ಬೆಳೆದಿದೆ. ಮೊಟ್ಟೆಯಿಡುವ ಪ್ರಾಣಿಗಳನ್ನೇ ಗುರಿಯಾಗಿಸುವ ಇಂತಹ ಹಿಡುವಳಿಯಿಂದ ಹೊಸ ಮರಿಗಳ ಸೇರ್ಪಡೆ ಕುಗ್ಗುವ ಅಪಾಯವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿದ್ದಾರೆ.

ಉಪಸಂಹಾರ

ಹಲವು ವರ್ಷ ಬದುಕುವ ಮೀನುಗಳಲ್ಲಿ ಒಂದು ವರ್ಷದ ನಷ್ಟವನ್ನು ಹಿರಿಯ ತಲೆಮಾರುಗಳು ತುಂಬಿಕೊಡುತ್ತವೆ. ಎರಡು ವರ್ಷಕ್ಕಿಂತ ಹೆಚ್ಚು ಬದುಕದ ಕಪ್ಪೆ ಬೊಂಡಾಸಿನಲ್ಲಿ ಆ ಆಸರೆ ಇಲ್ಲ. ಆದ್ದರಿಂದ ಹಿಡಿಯುವ ಪ್ರಾಣಿಯ ಗಾತ್ರಕ್ಕೆ ಮಿತಿ ಹಾಕುವುದಷ್ಟೇ ಸಾಲದು. ಮೊಟ್ಟೆ ಅಂಟಿದ ಬೋನು, ಹಗ್ಗ ಮತ್ತು ಗರಿಗಳನ್ನು ಮರಿಗಳು ಹೊರಬರುವವರೆಗೆ ನೀರಿನಲ್ಲೇ ಉಳಿಸುವ ನಿಯಮ, ಇತರ ಕ್ರಮಗಳಿಗಿಂತ ಮೊದಲು ಜಾರಿಗೆ ಬರಬೇಕಾಗಿದೆ.