ವಂಧ್ಯಕೀಟವಿಧಾನದಲ್ಲಿ ಗಂಡುತಳಿಯ ನಿರ್ಮಾಣ

ಪಶುಗಳ ವ್ರಣಗಳಲ್ಲಿ ಮೊಟ್ಟೆಯಿಡುವ ಸ್ಕ್ರೂವರ್ಮ್ ನೊಣವನ್ನು 1954ನೆಯ ಇಸವಿಯಲ್ಲಿ ಕುರಾಸಾವೊ ದ್ವೀಪದಿಂದ ನಿರ್ಮೂಲಗೊಳಿಸಿದುದು ವಂಧ್ಯಕೀಟವಿಧಾನದ ಮೊದಲ ದೊಡ್ಡ ಜಯವೆಂದು ಪ್ರಸಿದ್ಧವಾಗಿದೆ. ಅಮೆರಿಕದ ಎಡ್ವರ್ಡ್ ನಿಪ್ಲಿಂಗ್‌ರವರ ಯೋಚನೆ ಸರಳವಾದುದು: ಕೀಟಗಳನ್ನು ಸಾಕಿ, ಕಿರಣಗಳಿಂದ ಅವುಗಳ ಸಂತಾನಶಕ್ತಿಯನ್ನು ಕೆಡಿಸಿ ಬಯಲಿಗೆ ಬಿಟ್ಟರೆ, ಅಂತಹ ಗಂಡನ್ನು ಕೂಡಿದ ಕಾಡುಹೆಣ್ಣಿನ ಮೊಟ್ಟೆಗಳು ಮರಿಯಾಗಲಾರವು. ಈ ಕಾರ್ಯವೆಲ್ಲ ಗಂಡಿನದು. ಆದರೂ ಬೇರ್ಪಡಿಸುವ ಉಪಾಯವಿಲ್ಲದುದರಿಂದ ಎರಡನ್ನೂ ಸಾಕಿ ಬಿಡಬೇಕಾಗಿದ್ದಿತು.

ಮೆಡಿಟರೇನಿಯನ್ ಹಣ್ಣುನೊಣದ ವಿಷಯದಲ್ಲಿ ಇದು ಬರಿಯ ದುಂದುವೆಚ್ಚವಾಗಿ ನಿಲ್ಲಲಿಲ್ಲ. ವಂಧ್ಯೆಯಾದರೂ ಹೆಣ್ಣುನೊಣವು ಹಣ್ಣನ್ನು ಚುಚ್ಚುವುದನ್ನು ಬಿಡದು. ಮೇಲಾಗಿ, ಜೊತೆಯಲ್ಲಿ ಬಿಟ್ಟ ಗಂಡುಗಳು ಕಾಡುಹೆಣ್ಣನ್ನು ಅರಸದೆ ಇವನ್ನೇ ಕೂಡಿಬಿಡುವುವು.

1969ರಲ್ಲಿ ಆಸ್ಟ್ರೇಲಿಯದ ವಿಟನ್‌ರವರು, ಕುರಿಗಳನ್ನು ಪೀಡಿಸುವ ನೊಣದಲ್ಲಿ, ಕೋಶದ ಬಣ್ಣದಿಂದಲೇ ಗಂಡುಹೆಣ್ಣುಗಳನ್ನು ಬೇರ್ಪಡಿಸುವ ಮಾರ್ಗವನ್ನು ತೋರಿದರು. ಹತ್ತು ವರ್ಷಗಳ ತರುವಾಯ ಹಣ್ಣುನೊಣದಲ್ಲಿಯೂ ಇಂತಹ ತಳಿ ಸಿದ್ಧವಾಯಿತು. ಈ ನೊಣದ ಸಹಜ ಕೋಶವು ಕಂದು. ಒಂದು ಉತ್ಪರಿವರ್ತನೆಯಿಂದ ಅದು ಬಿಳಿಯಾಗುವುದು. ಬಿಳಿಯ ತಳಿಯಲ್ಲಿ, ಸಹಜಗುಣವನ್ನು ಹೊತ್ತ ವರ್ಣತಂತುವಿನ ತುಂಡೊಂದನ್ನು ಗಂಡಿಗೆ ಮಾತ್ರ ಇರುವ ವೈ ವರ್ಣತಂತುವಿಗೆ ಸೇರಿಸಿದರೆ, ಗಂಡಿನ ಕೋಶ ಕಂದಾಗಿಯೂ ಹೆಣ್ಣಿನದು ಬಿಳಿಯಾಗಿಯೂ ಇರುವುದು. ನೈಯಾಯಿಕರ ಮಾತಿನಲ್ಲಿ ಕಂದುಬಣ್ಣವು ಗಂಡುತನಕ್ಕೆ ಲಿಂಗ. ಶ್ಲೇಷೆಯು ತಾನಾಗಿ ಒದಗಿದೆ.

ಆದರೆ ಬಣ್ಣವು ತಿಳಿಯುವ ವೇಳೆಗೆ ಹೆಣ್ಣುಹುಳುಗಳೂ ಹೊಟ್ಟೆತುಂಬ ಉಂಡು ಮುಗಿಸಿರುತ್ತವೆ. ಆದುದರಿಂದ ವಿಯೆನ್ನಾ ಸಮೀಪದ ಸೈಬರ್ಸ್‌ಡಾರ್ಫಿನ ಪ್ರಯೋಗಶಾಲೆಯಲ್ಲಿ ದೊರೆತ ಇನ್ನೊಂದು ಉತ್ಪರಿವರ್ತನೆಯೇ ನಿಜವಾದ ತಿರುವು. ಇದು ಶಾಖವನ್ನು ತಾಳಲಾರದ ದೌರ್ಬಲ್ಯ. ಇದನ್ನೂ ಅದೇ ರೀತಿ ಹೆಣ್ಣಿಗೆ ಮಾತ್ರ ಉಳಿಯುವಂತೆ ಜೋಡಿಸಲಾಯಿತು. ಮೊಟ್ಟೆಗಳನ್ನು ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆಗಳ ಕಾಲ ಇಟ್ಟರೆ ಹೆಣ್ಣುಭ್ರೂಣಗಳು ಅಳಿದು ಗಂಡುಗಳು ಉಳಿಯುವುವು. ಕೆಡುಕೆನಿಸಿದ ದೋಷವನ್ನೇ ಗುಣವಾಗಿ ಬಳಸಿಕೊಂಡ ಜಾಣ್ಮೆ ಮೆಚ್ಚತಕ್ಕದ್ದು.

ಆದರೂ ವ್ಯಾಪ್ತಿಯು ಅಭಂಗವಲ್ಲ. ಕೋಟ್ಯಂತರ ನೊಣಗಳಲ್ಲಿ ಎಲ್ಲಿಯೋ ಒಂದು ಗಂಡಿನ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡರೆ, ಶಾಖಕ್ಕೆ ಅಳಿಯದ ಹೆಣ್ಣು ಹುಟ್ಟುವುದು. ಇದೇ ವ್ಯಭಿಚಾರ. ದುರ್ಬಲರಾದ ಸೋದರಿಯರಿಗಿಂತ ಈ ಹೆಣ್ಣೇ ಚೆನ್ನಾಗಿ ಬಾಳುವುದರಿಂದ, ಕೆಲವು ತಲೆಮಾರುಗಳಲ್ಲಿ ತಳಿಯೇ ಕೆಟ್ಟುಹೋದೀತು; ಹೆಣ್ಣಿಲ್ಲವೆಂದು ನಂಬಿದ ಸಾಕಣೆಯಲ್ಲಿ ಹೆಣ್ಣು ತುಂಬೀತು. ಇದಕ್ಕೆ ಎರಡು ಪ್ರತೀಕಾರಗಳು. ವಿಯೆನ್ನಾ-8 ಎಂಬ ತಳಿಯಲ್ಲಿ ವರ್ಣತಂತುವಿನ ಒಂದು ಭಾಗವನ್ನು ತಲೆಕೆಳಗಾಗಿಸಿ ಅದಲುಬದಲನ್ನು ತಡೆದರು. ಅಲ್ಲದೆ, ಚಿಕ್ಕದೊಂದು ಮೂಲಸಂಸಾರವನ್ನು ಪ್ರತ್ಯೇಕವಾಗಿಟ್ಟು, ಬಣ್ಣ ತಪ್ಪಿದವುಗಳನ್ನು ಪ್ರತಿ ಪೀಳಿಗೆಯಲ್ಲಿಯೂ ಆಯ್ದು ತೆಗೆಯುವರು. ಅದರಿಂದ ಹೊರಗೆ ಹೋದ ಸಂತತಿ ಮರಳಿ ಒಳಗೆ ಬರಕೂಡದು. ಹಸ್ತಪ್ರತಿಗಳ ಪರಂಪರೆಯಲ್ಲಿ ಶುದ್ಧವಾದ ಮಾತೃಕೆಯನ್ನು ಕಾಪಾಡುವವರಿಗೆ ಈ ಎಚ್ಚರ ಹೊಸದೇನಲ್ಲ.

ಗ್ವಾಟೆಮಾಲದ ಕಾಫಿ ತೋಟಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಗಂಡುಗಳನ್ನು ಮಾತ್ರ ಬಿಟ್ಟಾಗ ಕಾಡುಹೆಣ್ಣುಗಳಲ್ಲಿ ಉಂಟಾದ ವಂಧ್ಯತ್ವವು ಎರಡನ್ನೂ ಬಿಟ್ಟಾಗಿನದಕ್ಕಿಂತ ಹಲವು ಪಟ್ಟು ಮಿಗಿಲಾಗಿದ್ದಿತು.

ಬಿಳಿಯ ಕೋಶಕ್ಕೆ ಕಾರಣವಾದ ಜೀನು 2021ರಲ್ಲಿ ಗೊತ್ತಾಯಿತು. ಮೆಡಿಟರೇನಿಯನ್ ನೊಣದಲ್ಲಿಯೂ, ನಮ್ಮ ಮಾವನ್ನು ಕೆಡಿಸುವ ಹಣ್ಣುನೊಣದಲ್ಲಿಯೂ, ಹಾಗಲ ಹೀರೆಗಳನ್ನು ಕೊರೆಯುವ ನೊಣದಲ್ಲಿಯೂ ಕೆಟ್ಟಿರುವುದು ಒಂದೇ ಜೀನು.