ಮನೆತನದ ಚರಿತ್ರೆಯೂ ಹಳೆಯ ಕಾಗದಪತ್ರಗಳೂ

ಚರಿತ್ರೆಯೆಂದೊಡನೆ ನಮಗೆ ಶಿಲಾಶಾಸನ, ತಾಮ್ರಪಟ, ಅರಸರ ವಂಶಾವಳಿಗಳು ನೆನಪಾಗುತ್ತವೆ. ನಮ್ಮ ಅಜ್ಜ ಅಜ್ಜಿಯರ ಬಾಳೂ ಚರಿತ್ರೆಯೇ ಎಂಬುದನ್ನು ಮರೆಯುತ್ತೇವೆ. ಬಾಂದ್ರಾದ ಕೋಟೆಯನ್ನು ಪೋರ್ಚುಗೀಸರು 1640ರಲ್ಲಿ ಕಟ್ಟಿದರೆಂದೂ, ಮಾಹೀಮಿನಿಂದ ಇಲ್ಲಿಗೆ ಬರುವ ಸೇತುಮಾರ್ಗ 1845ರಲ್ಲಿ ತೆರೆಯಿತೆಂದೂ ಹೇಳಬಲ್ಲ ನಮ್ಮ ತರುಣನಿಗೆ, ತನ್ನ ಅಜ್ಜಿಯ ತಾಯಿ ಯಾವ ಮನೆಯವಳೆಂದು ಕೇಳಿದರೆ ಉತ್ತರ ತೋಚದು. ಆ ಉತ್ತರವನ್ನು ಹಳೆಯ ದಾಖಲೆಗಳಲ್ಲಿ ಹುಡುಕಬಹುದು. ಆದರೆ ಅವುಗಳನ್ನು ಓದುವ ಬಗೆಯನ್ನು ಅರಿತಿರಬೇಕು.

ಬಾಂದ್ರಾದಲ್ಲಿಯೂ ಸುತ್ತಲಿನ ಉಪನಗರಗಳಲ್ಲಿಯೂ ನೆಲೆಸಿದ ಕನ್ನಡಿಗರಲ್ಲಿ ಅನೇಕರು ತುಳುನಾಡಿನಿಂದ ಬಂದವರು. ಅಲ್ಲಿಯ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮಾಜಗಳಲ್ಲಿ ನಡೆದುಬಂದುದು ಅಳಿಯಸಂತಾನದ ಕಟ್ಟು. ಇದರಲ್ಲಿ ಕುಟುಂಬವೆಂದರೆ ಒಬ್ಬ ಮೂಲತಾಯಿಯ ಸಂತತಿ. ಅದರ ಕವಲಿಗೆ ‘ಕವರು’ ಎಂದು ಹೆಸರು. ತುಳುವಿನಲ್ಲಿ ‘ಬರಿ’ ಎನ್ನುವ ಬಳಿ, ತಾಯಿಯಿಂದ ಮಕ್ಕಳಿಗೆ ಬರತಕ್ಕದ್ದು. ಒಂದೇ ಬಳಿಯವರೊಳಗೆ ಮದುವೆಯ ಸಂಬಂಧವಿಲ್ಲ.

ಮುಂಬಯಿಯ ರೂಢಿ ಬೇರೆ. ಇಲ್ಲಿಯ ಶಾಲೆಯ ಪುಸ್ತಕದಲ್ಲಿ ಹಿಂದೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹೀಗೆ ಮೂರನ್ನು ಬರೆಸಬೇಕಾಗಿತ್ತು. ಊರಿನಲ್ಲಿ ಮನೆಯ ಹೆಸರಿನಿಂದ ಗುರುತಾಗುತ್ತಿದ್ದವರಲ್ಲಿ ಎಷ್ಟೋ ಮಂದಿ ಕೋಟ್ಯಾನ್, ಸುವರ್ಣ, ಸಾಲಿಯಾನ್, ಬಂಗೇರ ಎಂದು ತಮ್ಮ ಬಳಿಯನ್ನೇ ಅಡ್ಡಹೆಸರಾಗಿ ಬರೆಸಿದರು. ಮಕ್ಕಳಿಗೂ ಅದೇ ಅಂಟಿತು. ತಂದೆ ಸುವರ್ಣ, ತಾಯಿ ಕೋಟ್ಯಾನ್ ಎಂದಿಟ್ಟುಕೊಳ್ಳೋಣ. ಹಿರಿಯರ ಲೆಕ್ಕದಲ್ಲಿ ಮಕ್ಕಳು ಕೋಟ್ಯಾನ್ ಬಳಿಯವರು, ದಾಖಲೆಯಲ್ಲಿ ಸುವರ್ಣರು. ಅಡ್ಡಹೆಸರನ್ನೇ ಹಿಡಿದು ಹಿಂದಕ್ಕೆ ಹೋದವನಿಗೆ ತನ್ನ ಕುಟುಂಬದ ಬಾಗಿಲು ಸಿಗುವುದಿಲ್ಲ. ದಾಖಲೆ ಸುಳ್ಳಾಡಿಲ್ಲ, ತಾಯಿಯ ವಿಷಯವನ್ನು ಅದು ಕೇಳಲೇ ಇಲ್ಲ.

ತಾಯಿಯ ಎಳೆ ಊರಿನ ಕಾಗದಗಳಲ್ಲುಂಟು. 1949ರ ಮದರಾಸು ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಹೀಗೆ ಪಾಲಾದ ಮನೆಗಳ ಪತ್ರಗಳಲ್ಲಿ ಹೆಂಗಸರ ಹೆಸರನ್ನು ಹಿಡಿದು ಸಂತತಿಯನ್ನು ಗುರುತಿಸಬಹುದು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ ಆ ಕಾಲದ ಸರಕಾರೀ ಕಡತಗಳಿಗಾಗಿ ಚೆನ್ನೈಯತ್ತಲೂ ನೋಡಬೇಕು. ಉತ್ತರ ಕನ್ನಡದವರ ಸಂಗತಿ ಬೇರೆ; ಅದು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅವರಿಗೆ 1821ರಲ್ಲಿ ಆರಂಭವಾದ ಮುಂಬಯಿಯ ದಫ್ತರಖಾನೆಯೇ ಹತ್ತಿರ.

ಆಸ್ತಿಯಿದ್ದವರಿಗೆ ಪಾಲುಪತ್ರವಾಯಿತು; ಬಾಯಿಮಾತಿನ ಚಾಲಗೇಣಿಯಲ್ಲಿ ದುಡಿದ ಒಕ್ಕಲಿನ ಗತಿಯೇನು? ಕರ್ನಾಟಕದ ಭೂಸುಧಾರಣೆ 1974ರಲ್ಲಿ ಬಲವಾಗಿ ಜಾರಿಗೆ ಬಂದಾಗ, ಉಳುವವರು ಏಳನೆಯ ನಮೂನೆಯ ಅರ್ಜಿಯನ್ನು ಕೊಟ್ಟರು. ಹಳ್ಳಿಯವರು ‘ಡಿಕ್ಲರೇಶನ್’ ಎಂದದ್ದು ಇದನ್ನೇ. ಅಲ್ಲಿಯವರೆಗೆ ಯಾವ ಕಾಗದದಲ್ಲಿಯೂ ಕಾಣದ ಬಡವರ ಹೆಸರನ್ನು ಇದರಲ್ಲಿ ಹುಡುಕಬೇಕು.

ನಗರದ ದಾಖಲೆಗಳೂ ಕಡಿಮೆಯವಲ್ಲ. 1950ರಲ್ಲಿ ಬೃಹನ್ಮುಂಬಯಿಗೆ ಸೇರುವ ಮೊದಲು ಬಾಂದ್ರಾಕ್ಕೆ ತನ್ನದೇ ಪುರಸಭೆಯಿತ್ತು. ರಾತ್ರಿಶಾಲೆಗಳ ಹಾಜರಿಪುಸ್ತಕಗಳು, 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳ ವರದಿಗಳು, ಚಾಳಿನ ಬಾಡಿಗೆ ರಸೀದಿ, ಊರಿಗೆ ಕಳುಹಿಸಿದ ಮನಿಯಾರ್ಡರಿನ ಚೀಟಿ, ಇವೆಲ್ಲವೂ ಸಾಕ್ಷಿಗಳೇ. ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗನಿಗೆ ಬೇರಾವ ಶಾಸನವನ್ನು ಯಾರು ಕೆತ್ತಿಸಿದರು?

ಈಗ ಹಳೆಯ ಚಾಳುಗಳು ಉರುಳುತ್ತಿವೆ. ಪೆಟ್ಟಿಗೆಯ ಕಾಗದ ರದ್ದಿಯವನ ತಕ್ಕಡಿಗೆ ಬೀಳುತ್ತಿದೆ. ಬಳಿಯನ್ನು ಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕಾಗದ ಉಳಿದು ಅದನ್ನು ಬಿಡಿಸಿ ಹೇಳುವವರು ಇಲ್ಲವಾದರೆ ಅರ್ಧವೇ ಉಳಿದಂತೆ. ಕಾಗದವೂ ಉಳಿದು, ಮೊಮ್ಮಕ್ಕಳಿಗೆ ಕನ್ನಡದ ಅಕ್ಷರವೇ ಬಾರದಿದ್ದರೆ, ಮನೆಯ ಪೆಟ್ಟಿಗೆಯೊಳಗಿನ ಪತ್ರವೂ ಅವರ ಪಾಲಿಗೆ ಓದಲಾಗದ ಶಾಸನವಾದೀತು.

ಆದುದರಿಂದ ಈ ರಾಜ್ಯೋತ್ಸವದ ದಿನ ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸವನ್ನು ಕೈಗೊಳ್ಳಲಿ. ಮನೆಯ ಹಿರಿಯ ಹೆಂಗಸಿನ ಬಳಿಯಾವುದು, ಅವರ ತಾಯಿಯ ಮನೆಯಾವುದು, ಮೊದಲು ಮುಂಬಯಿಗೆ ಬಂದವರು ಯಾರು ಎಂಬುದನ್ನು ಕೇಳಿ, ತಾರೀಖು ಸಹಿತ ಕನ್ನಡದಲ್ಲಿ ಬರೆದಿಡಲಿ. ಮುಂದಿನವರು ಹುಡುಕುವ ಹಳೆಯ ದಾಖಲೆ ಅದೇ ಆದೀತು.