ಹಳೆ ಜೀಪಿಗೆ ಬೋರ್ ನೀರು ಸಾಕೇ? ಥರ್ಮೋಸ್ಟಾಟ್ ಕಿತ್ತರೆ ಎಂಜಿನ್ ತಂಪಾಗುತ್ತದೆಯೇ? ಫಾರ್ವರ್ಡ್ ಸಲಹೆಗಳ ಹಿಂದಿನ ನಿಜ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಂಥ ಅಡಿಕೆ ಸೀಮೆಯಲ್ಲಿ ಹಳೆ ಜೀಪು ಶೋಕಿಯ ವಸ್ತುವಲ್ಲ. ಗೊಬ್ಬರ, ಹಸಿ ಅಡಿಕೆ ಗೊನೆ, ಪಂಪಿನ ಮೋಟಾರು ಎಲ್ಲವನ್ನೂ ಹೊತ್ತು ಮಣ್ಣುದಾರಿಯಲ್ಲಿ ತೋಟಕ್ಕೆ ಹೋಗಿ ಬರುವ ಗಾಡಿ ಅದು. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರು ಮಾಡಿದ ಮೇಲೆ ಎಂಎಂ 540, ಕಮಾಂಡರ್, ಮೇಜರ್, 2000ದಲ್ಲಿ ಬೊಲೆರೊ ಹೀಗೆ ಸಾಲಾಗಿ ಬಂದವು. ಇವುಗಳ ಹಳೆಯ ಮಾದರಿಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರ್ ಹಿಡಿಯಲು ಬಂದರೆ ಎಷ್ಟೋ ಕೆಲಸ ಮನೆಯಂಗಳದಲ್ಲೇ ಆಗುತ್ತದೆ. ಹಾಗಾಗಿಯೇ ಇವುಗಳ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಲಹೆಗಳೂ ಜಾಸ್ತಿ. ಕೆಲವು ಸಲಹೆ ಒಳ್ಳೆಯವೇ, ಕೆಲವು ಎಂಜಿನ್ ಹಾಳು ಮಾಡುವಂಥವು, ಒಂದೆರಡು ಪ್ರಾಣಕ್ಕೇ ಕುತ್ತು ತರುವಂಥವು. ನಾವು ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ನೋಡೋಣ.

"ಕೂಲೆಂಟ್ ಹಿಮ ಬೀಳುವ ದೇಶಕ್ಕೆ, ನಮಗೆ ಬೋರ್ ನೀರು ಸಾಕು"

ಇದರಲ್ಲಿ ಅರ್ಧ ನಿಜವಿದೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ, ಆ ಚಳಿ ನಮ್ಮಲ್ಲಿಲ್ಲ. ಶಾಖ ಹೊರುವ ವಿಷಯದಲ್ಲೂ ಬರೀ ನೀರು ಗ್ಲೈಕಾಲ್‌ಗಿಂತ ಮೇಲು. ಆದರೆ ಕೂಲೆಂಟಿಗೆ ಇನ್ನೆರಡು ಕೆಲಸಗಳಿವೆ: ತುಕ್ಕು ತಡೆಯುವುದು, ನೀರಿನ ಕುದಿಬಿಂದುವನ್ನು ಮೇಲೇರಿಸುವುದು. ಅರ್ಧ ಕೂಲೆಂಟ್, ಅರ್ಧ ನೀರು ಬೆರೆಸಿದರೆ ಅದು ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೋರ್ ನೀರಿನದ್ದೇ. ಸ್ನಾನದ ಹಂಡೆಯೊಳಗೆ, ಗೀಸರ್ ಕಾಯಿಲಿನ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಗಡಸು ನೀರು ಕಾದಾಗ ಅದರಲ್ಲಿರುವ ಕ್ಯಾಲ್ಸಿಯಂ ಹೀಗೆ ಗಟ್ಟಿಯಾಗಿ ಕೂರುತ್ತದೆ. ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಎಂಜಿನ್ನಿನ ನೀರು ಹರಿಯುವ ಜಾಗದಲ್ಲೂ ಇದೇ ಆಗುತ್ತದೆ. ಅಲ್ಲಿ ಅದು ನಮಗೆ ಕಾಣುವುದಿಲ್ಲ, ಅಷ್ಟೆ. ಆ ಪದರ ಶಾಖವನ್ನು ಹೊರಬಿಡುವುದಿಲ್ಲ. ಬೇಸಿಗೆಯಲ್ಲಿ ಲೋಡ್ ಹಾಕಿಕೊಂಡು ದಿಣ್ಣೆ ಹತ್ತುವಾಗ ಮಾತ್ರ ಬಿಸಿಯಾಗುವ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕೂಲೆಂಟಿಗೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ದಾರಿಯಲ್ಲಿ ಕೈಕೊಟ್ಟಾಗ ಯಾವ ನೀರು ಸಿಕ್ಕರೂ ಹಾಕಬಹುದು, ಮನೆಗೆ ಬಂದ ಮೇಲೆ ಬಸಿದು ಬದಲಾಯಿಸಿ.

ಎರಡು ಎಚ್ಚರಿಕೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಮುಚ್ಚಳದ ಮೇಲೆ 0.9 ಎಂದಿದ್ದರೆ ಅದು 0.9 ಬಾರ್ ಒತ್ತಡವನ್ನು ಹಿಡಿದಿಡುತ್ತದೆ ಎಂದರ್ಥ. ಆ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯಿರಿ. ಇನ್ನೊಂದು, ಬಸಿದ ಕೂಲೆಂಟನ್ನು ಬಾಣಲೆಯಲ್ಲಿ ಹಾಗೇ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ವಿಷವೂ ಹೌದು. ನಾಯಿಗಳು ನೆಕ್ಕುತ್ತವೆ.

"ಥರ್ಮೋಸ್ಟಾಟ್ ಕಿತ್ತು ಬಿಸಾಕಿ"

ಗ್ಯಾರೇಜುಗಳಲ್ಲೂ ಕೇಳಿಬರುವ ಮಾತಿದು. ಥರ್ಮೋಸ್ಟಾಟ್ ಒಂದು ಬಾಗಿಲಿದ್ದ ಹಾಗೆ. ಎಂಜಿನ್ 80 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಆಮೇಲೆ ತೆರೆದುಕೊಳ್ಳುತ್ತದೆ. ಅದನ್ನು ಕಿತ್ತರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ. ತಣ್ಣನೆಯ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೊಗೆ ಹೆಚ್ಚು ಬಿಡುತ್ತದೆ, ಒಳಗೆ ಹೆಚ್ಚು ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅಂಥದ್ದರಲ್ಲಿ ಕಿತ್ತರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ, ಗಾಡಿ ಮೊದಲಿಗಿಂತ ಜಾಸ್ತಿ ಕಾಯುತ್ತದೆ!

ಕೆಟ್ಟಿದೆಯೇ ಎಂದು ನೀವೇ ನೋಡಬಹುದು. ಬಿಚ್ಚಿದ ಥರ್ಮೋಸ್ಟಾಟನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಅದು ಕುದಿಯುವ ಮೊದಲೇ ಬಾಯಿ ಬಿಡಬೇಕು, ತಣ್ಣಗಾದಾಗ ಮುಚ್ಚಬೇಕು. ಹಾಗೆ ಆಗದಿದ್ದರೆ ಹೊಸದು ಹಾಕಿ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಬ್ರೇಕ್ ಆಯಿಲ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ

ಎಲ್ಲಕ್ಕಿಂತ ಅಪಾಯದ ಸಲಹೆ ಇದು: "ಬ್ರೇಕ್ ಆಯಿಲ್ ಕಡಿಮೆಯಾದರೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಆಯಿಲ್ ಆಯಿಲೇ ತಾನೆ." ನಾವೆಲ್ಲ ಬ್ರೇಕ್ ಆಯಿಲ್ ಎಂದೇ ಕರೆಯುತ್ತೇವೆ, ಆದರೆ ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದಿರುವ ಆ ದ್ರವ ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯದು. ಬ್ರೇಕಿನ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ರಬ್ಬರ್ ಬಕೆಟ್‌ಗಳನ್ನು ಆ ದ್ರವಕ್ಕೆ ಹೊಂದುವಂತೆಯೇ ಮಾಡಿರುತ್ತಾರೆ. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ ತಾಗಿದರೆ ಆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಮೊದಲ ದಿನ ಏನೂ ಗೊತ್ತಾಗದೇ ಇರಬಹುದು. ಆಮೇಲೆ ಬ್ರೇಕ್ ಹಿಡಿದುಕೊಳ್ಳುತ್ತದೆ, ಇಲ್ಲವೇ ಪೆಡಲ್ ನೆಲಕ್ಕೆ ಹೋಗುತ್ತದೆ. ಅಂಥ ದ್ರವ ಈಗಾಗಲೇ ಹಾಕಿದ್ದರೆ ಗಾಡಿ ಓಡಿಸಬೇಡಿ. ಬರೀ ಬಸಿದರೆ ಸಾಲದು, ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ.

ಈ ದ್ರವ ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 3 ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ದ್ರವ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಟೊಳ್ಳಾಗುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅರ್ಧ ಬಳಸಿ ಶೆಡ್ಡಿನಲ್ಲಿಟ್ಟ ಡಬ್ಬಿಯನ್ನು ಮತ್ತೆ ಬಳಸಬೇಡಿ. ಇನ್ನೊಂದು ಮಾತು: ದ್ರವ ತಾನಾಗಿ ಆವಿಯಾಗಿ ಹೋಗುವುದಿಲ್ಲ. ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬ್ರೇಕ್ ಬಿಚ್ಚುವ ಕೆಲಸವನ್ನು ಮಾತ್ರ ಬಲ್ಲ ಮೆಕ್ಯಾನಿಕ್‌ಗೇ ಬಿಡಿ ಎಂಬುದು ನಮ್ಮ ಅಭಿಪ್ರಾಯ.

ಕಪ್ಪಾದ ಆಯಿಲ್ ಕೆಟ್ಟ ಆಯಿಲ್ಲೇ?

ಅಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಸ್ವಲ್ಪ ಓಡಿದ ಮೇಲೆಯೇ ಕಪ್ಪಾಗುತ್ತದೆ. ಮಸಿಯನ್ನು ಲೋಹಕ್ಕೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ, ಕಪ್ಪಾಗಿದೆ ಎಂದರೆ ಕೆಲಸ ಮಾಡುತ್ತಿದೆ ಎಂದೇ. ಬದಲಿಸುವುದನ್ನು ಕಿಲೋಮೀಟರ್ ಮತ್ತು ತಿಂಗಳ ಲೆಕ್ಕದಲ್ಲಿ ನಿರ್ಧರಿಸಿ. ಭಯಪಡಬೇಕಾದ ಬಣ್ಣ ಬೇರೆ: ಡಿಪ್‌ಸ್ಟಿಕ್ ಎಳೆದಾಗ ಹಾಲು ಹಾಕಿದ ಕಾಫಿಯಂತೆ ಕಂಡರೆ ಆಯಿಲ್‌ಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನ್ನು ಕರೆಸಿ.

ತೆಗೆದ ಹಳೆ ಆಯಿಲನ್ನು ಗೆದ್ದಲು ಬಾರದಿರಲೆಂದು ಕಂಬಗಳಿಗೆ ಬಳಿಯುವುದು, ಉಣ್ಣೆ ಹೋಗಲೆಂದು ದನಕ್ಕೆ ಸವರುವುದು ಹಳ್ಳಿಗಳಲ್ಲಿ ಉಂಟು. ಬಳಸಿದ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ, ಅವು ಚರ್ಮದ ಮೂಲಕವೂ ಒಳಹೋಗುತ್ತವೆ. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿ.

ಧೂಳು, ಹಳ್ಳ, ಕೆಸರು

"ಏರ್ ಫಿಲ್ಟರ್ ತೆಗೆದರೆ ಪಿಕಪ್ ಬರುತ್ತದೆ." ಫಿಲ್ಟರ್ ಕಟ್ಟಿಕೊಂಡಿದ್ದರೆ ಹಾಗನ್ನಿಸುವುದು ಸಹಜ. ಆದರೆ ಮಣ್ಣುದಾರಿಯ ಧೂಳಿನಲ್ಲಿ ಸ್ಫಟಿಕದ ಕಣಗಳಿವೆ, ಅವು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಫಿಲ್ಟರ್ ಇಲ್ಲದೆ ಓಡಿಸುವುದೆಂದರೆ ಪಿಸ್ಟನ್ ರಿಂಗಿಗೆ ಸಾಣೆ ಹಿಡಿದಂತೆ. ಹಳೆ ಜೀಪುಗಳ ಆಯಿಲ್ ಬಾತ್ ಫಿಲ್ಟರ್ ಆದರೆ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಕಾಗದದ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಮೆಲ್ಲಗೆ ಕೊಡವಿ, ತೀರಾ ಕಟ್ಟಿದ್ದರೆ ಬದಲಿಸಿ.

ಮಳೆಗಾಲದಲ್ಲಿ ಹಳ್ಳ ದಾಟುವ ವಿಡಿಯೊಗಳನ್ನು ನೋಡಿ ಹುರುಪು ಬರುವ ಮೊದಲು ಈ ಲೆಕ್ಕ ನೋಡಿ. ಎಂಎಂ 540ರ ಪೂಜೋ ಡೀಸೆಲ್ ಎಂಜಿನ್ 2112 ಸಿಸಿಯದು, ನಾಲ್ಕು ಸಿಲಿಂಡರ್. ಒಂದೊಂದಕ್ಕೆ 528 ಸಿಸಿ. ಆ ಗಾಳಿಯನ್ನು ಪಿಸ್ಟನ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಅಂದರೆ ಮೇಲೆ ಉಳಿಯುವ ಜಾಗ 25ರಿಂದ 30 ಮಿಲಿಲೀಟರ್. ನೀರು ಅದುಮಿದರೆ ಕುಗ್ಗುವುದಿಲ್ಲ. ಎರಡು ದೊಡ್ಡ ಚಮಚ ನೀರು ಒಳಹೋದರೂ ಕನೆಕ್ಟಿಂಗ್ ರಾಡ್ ಬಗ್ಗಬಹುದು. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯದೆ ಎಳೆಸಿಕೊಂಡು ಬನ್ನಿ. ಹಳ್ಳ ದಾಟಿದ ಮೇಲೆ ನಿಧಾನಕ್ಕೆ ಓಡಿಸುತ್ತಾ ಬ್ರೇಕನ್ನು ಕೆಲವು ಸಲ ಮೆಲ್ಲಗೆ ಒತ್ತಿ, ಡ್ರಮ್ ಒಣಗಲಿ. ಕಾದ ಹೌಸಿಂಗ್ ತಣ್ಣೀರಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಆಯಿಲ್ ಬೆಳ್ಳಗಾಗಿದೆಯೇ ಎಂದು ಮರುದಿನ ನೋಡಿ.

ಫೋರ್ ವೀಲ್ ಲಿವರ್ ಕೆಸರಿಗೆ ಮಾತ್ರ. ಇಂಥ ಜೀಪುಗಳಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನವು ಹೆಚ್ಚು ದೂರ ಉರುಳಬೇಕು, ಡಾಂಬರಿನ ಮೇಲೆ ಜಾರಲು ಆಗುವುದಿಲ್ಲ, ಎಳೆತವೆಲ್ಲ ಗೇರಿನ ಮೇಲೆ ಬೀಳುತ್ತದೆ.

ಗಾಡಿಯ ಅಡಿಗೆ ಹೋಗುವ ಮುನ್ನ

ಜಾಕ್ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಟನ್ನಿಗೂ ಮೀರಿದ ಗಾಡಿ ಒಂದು ರಬ್ಬರ್ ಸೀಲಿನ ಮೇಲೆ ನಿಂತಿರುತ್ತದೆ. ಗಟ್ಟಿ ನೆಲದಲ್ಲಿ ಆಕ್ಸಲ್ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡಕಲ್ಲು ಇಟ್ಟೇ ಕೆಳಗೆ ಹೋಗಿ. ಸಿಮೆಂಟ್ ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ, ಅವು ಸದ್ದಿಲ್ಲದೆ ಒಡೆಯುತ್ತವೆ.

ಅಪ್‌ಗ್ರೇಡ್ ಎಂದರೆ ಏನೇನು ಮಾಡಬಹುದು?

ದೊಡ್ಡ ಟೈರು ಚೆಂದ ಕಾಣುತ್ತದೆ, ನಿಜ. ಆದರೆ ವ್ಯಾಸ ಶೇ 10ರಷ್ಟು ಹೆಚ್ಚಾದರೆ ಸ್ಪೀಡೋಮೀಟರ್ 50 ತೋರಿಸುವಾಗ ನೀವು 55ರಲ್ಲಿರುತ್ತೀರಿ, ಬ್ರೇಕ್ ಮಾತ್ರ ಹಳೆಯದೇ. ಎಲ್‌ಇಡಿ ಬಾರ್ ಎದುರಿನ ಬೈಕಿನವನ ಕಣ್ಣು ಕುರುಡು ಮಾಡುತ್ತದೆ. ಹಳೆ ವೈರಿಗೆ ಅದನ್ನು ಸುತ್ತಿದರೆ ಬೆಂಕಿಯ ಭಯವೂ ಇದೆ: 12 ವೋಲ್ಟ್‌ನಲ್ಲಿ 200 ವಾಟ್ ಎಂದರೆ ಸುಮಾರು 17 ಆಂಪಿಯರ್. ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬ್ ಬದಲಿಸುವ ಮೊದಲು ಅರ್ತ್ ವೈರಿನ ತುಕ್ಕು ಉಜ್ಜಿ, ಫ್ಯೂಸ್ ಸಹಿತ ರಿಲೇ ಹಾಕಿಸಿ. ಮೂಲ ಬಲ್ಬೇ ಹೊಸದರಂತೆ ಉರಿಯುವುದನ್ನು ಕಾಣುತ್ತೀರಿ.

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಮುಂಭಾಗದ ಕಬ್ಬಿಣದ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು.

ಕೊನೆಯದಾಗಿ, "15 ವರ್ಷ ಆದರೆ ಗಾಡಿ ಗುಜರಿಗೆ" ಎಂಬ ಫಾರ್ವರ್ಡ್. ಖಾಸಗಿ ಗಾಡಿಗಳ ಮೇಲಿನ ಆ ನಿಷೇಧ ದೆಹಲಿ ರಾಜಧಾನಿ ವಲಯದ್ದು. ನಮ್ಮಲ್ಲಿ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದರೂ, ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಆರ್‌ಸಿಯಲ್ಲಿರುವ ಕೊನೆಯ ದಿನಾಂಕ ನೋಡಿಕೊಳ್ಳಿ, ಅದಕ್ಕೆ 60 ದಿನ ಇರುವಾಗಿನಿಂದ ಆರ್‌ಟಿಒ ಕಚೇರಿಗೆ ಅರ್ಜಿ ಹಾಕಬಹುದು.